ಹಿಮಚಿರತೆಗೆ ಹೆದರಿ ಕಂಬಳಿ ತೊಳೆದದ್ದು

ಶೀತಪ್ರದೇಶಗಳ ವಿಷಯದಲ್ಲಿ ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ಶಹಾಪುರ ಭಾಗದಲ್ಲಿ ನನಗಿಂತ ಹೆಚ್ಚು ತಿಳಿದವರು ಆಗ ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ವಿಷಯ ಅಲ್ಲಿ ಬೇರೆ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ!

ನಾನು ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುವ ಕೆಲಸಗಾರ. ಒಮ್ಮೆ ಮಾಲಕರ ಮಗ್ಗಕ್ಕೆ ಲಾಳಿ ತರಲು ಕೊಲ್ಹಾಪುರಕ್ಕೆ ಹೋದಾಗ ರದ್ದಿ ಅಂಗಡಿಯಲ್ಲಿ ಒಂದು ಮರಾಠಿ ಪುಸ್ತಕ ಸಿಕ್ಕಿತು. ರಟ್ಟು ಹರಿದು ಬರೆದವರ ಹೆಸರು ಹೋಗಿತ್ತು. ಒಳಗೆ ಮಾತ್ರ ಹಿಮವೋ ಹಿಮ! ಬಿಳಿ ಕರಡಿ ಭೂಮಿಯ ಉತ್ತರ ತುದಿಯಲ್ಲಿ, ಪೆಂಗ್ವಿನ್ ಹಕ್ಕಿ ದಕ್ಷಿಣದ ಕಡೆ. ಜನ್ಮದಲ್ಲಿ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಹಿಮದ ಗಡ್ಡೆ ಕೊಯ್ದು ಕಟ್ಟಿದ ಮನೆಯೊಳಗೆ ಜನ ಬೆಚ್ಚಗೆ ಮಲಗುತ್ತಾರೆ. ಹಿಮಸಾರಂಗ ಮೇಯಿಸುವವರು ನಮ್ಮ ಕುರಿಗಾರರಂತೆಯೇ ಹಿಂಡಿನ ಹಿಂದೆ ಅಲೆಯುತ್ತಾರೆ. ಇವನ್ನೆಲ್ಲ ನಾನು ಚಹಾದ ಅಂಗಡಿಯಲ್ಲಿ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಜನ ನನ್ನನ್ನು 'ಬರ್ಫ ಮಾಸ್ತರ' ಎಂದು ಕರೆಯತೊಡಗಿದರು. ನಾನು ಅಲ್ಲಿಯವರೆಗೆ ಕಂಡ ಹಿಮವೆಂದರೆ ಸೋಡಾ ಅಂಗಡಿಯ ಗೋಣಿಚೀಲದಲ್ಲಿ ಕಟ್ಟಿಗೆಪುಡಿ ಮೆತ್ತಿಕೊಂಡು ಕುಳಿತಿದ್ದ ಒಂದು ಗಡ್ಡೆ ಮಾತ್ರ.

ಅರವತ್ತೆರಡರ ಯುದ್ಧ ಮುಗಿದ ಮರುವರ್ಷ ನನ್ನ ಹೆಂಡತಿ ಗೌರವ್ವನ ತಮ್ಮ ಲಕ್ಕಪ್ಪನಿಂದ ಪತ್ರ ಬಂತು. ಅವನು ಸೈನ್ಯದಲ್ಲಿದ್ದ. ಲಡಾಖಿನ ಗಡಿಗೆ ಅವನನ್ನು ಕಳಿಸಿದ್ದರು. ಪತ್ರವನ್ನು ಗಟ್ಟಿಯಾಗಿ ಓದಿದವನು ನಾನೇ. 'ಇಲ್ಲಿ ಕೋಟು, ರಗ್ಗು ಎಲ್ಲ ಕೊಟ್ಟಾರ. ಆದರ ನಿದ್ದಿ ಹತ್ತೂದಿಲ್ಲ. ಅವ್ವ ನೂತ ಉಣ್ಣಿದೊಂದು ಕಂಬಳಿ ಕಳಸ್ರಿ' ಎಂದು ಬರೆದಿದ್ದ. ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅತ್ತೆ ಯಲ್ಲವ್ವ ಇದ್ದದ್ದು ಕಾಗಲ ಕಡೆಯ ಸುಳಕೂಡ ಎಂಬ ಹಳ್ಳಿಯಲ್ಲಿ. ಅವರದು ಕುರಿ ಸಾಕಿದ ಮನೆ. ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಆದರೂ ಮನೆಯ ಕುರಿಯ ಕರಿ ಉಣ್ಣೆಯನ್ನು ಬೆರಳ ಅಂದಾಜಿನಲ್ಲೇ ನೂತು, ಊರಲ್ಲೇ ನೇಯಿಸಿ, ಹುಣಸೆ ಬೀಜದ ಗಂಜಿ ಹಾಕಿಸಿ ಕಂಬಳಿ ಕಳಿಸಿದರು. ಇದು ತಾನು ನೂಲುವ ಕೊನೆಯ ಕಂಬಳಿ ಎಂದೂ ಹೇಳಿ ಕಳಿಸಿದ್ದರು. ಲಕ್ಕಪ್ಪನ ಜೊತೆಗೇ ಸೈನ್ಯದಲ್ಲಿದ್ದ ಕಾಗಲದ ಇನ್ನೊಬ್ಬ ಜವಾನ ರಜೆ ಮುಗಿಸಿ ಗುರುವಾರ ಕೊಲ್ಹಾಪುರದಲ್ಲಿ ರೈಲು ಹತ್ತುವವನಿದ್ದ. ಅವನ ಕೈಗೆ ಅದನ್ನು ಮುಟ್ಟಿಸುವುದು ನನ್ನ ಪಾಲಿಗೆ ಬಂದ ಕೆಲಸ. ಕಂಬಳಿ ಇದ್ದ ಹಾಗೆ ಒಯ್ದು ಕೊಡುವುದು. ಇಷ್ಟೇ!

ಆದರೆ ಗಂಟು ಬಿಚ್ಚಿದ ಕೂಡಲೇ ಕುರಿಯ ವಾಸನೆ ಮನೆ ತುಂಬಿತು. ನನ್ನ ಪಾಂಡಿತ್ಯ ಜಾಗೃತವಾಯಿತು.

"ಇದನ್ನ ಹಿಂಗ ಕಳಸಾಕ ಬರೂದಿಲ್ಲ" ಎಂದೆ.

"ಯಾಕ್ರಿ?" ಎಂದಳು ಗೌರವ್ವ.

"ಬಿಳಿ ಕರಡಿಗಿ ಹರದಾರಿ ದೂರದಿಂದ ವಾಸನಿ ಹತ್ತತೈತಿ."

"ಲಕ್ಕ ಇದ್ದಲ್ಲಿ ಬಿಳಿ ಕರಡಿ ಅದಾವೇನ್ರಿ?"

"ಕರಡಿ ಇಲ್ಲ. ಹಿಮಚಿರತಿ ಐತಿ! ಹಿಮದ ಬಣ್ಣಾನ ಅದರ ಬಣ್ಣ, ಕಣ್ಣಿಗಿ ಕಾಣೂದಿಲ್ಲ. ಕುರಿ ಅಂದ್ರ ಅದಕ್ಕ ಪ್ರಾಣ. ನಿನ್ನ ತಮ್ಮ ಕುರಿ ವಾಸನಿ ಹೊಚಗೊಂಡು ಮಲಗಿದ್ರ ಅದು ಏನಂತ ತಿಳೀತೈತಿ?"

ಗೌರವ್ವ ಗಾಬರಿಯಾದಳು. ಆದರೂ, "ಅವ್ವನ್ನ ಒಂದ ಮಾತ ಕೇಳೂಣ್ರಿ" ಎಂದಳು. ಹಿಮಚಿರತೆಯ ವಿಷಯವನ್ನು ಸುಳಕೂಡದಲ್ಲಿ ಕೇಳುವುದೇ! ನನಗೆ ನಗು ಬಂತು.

ಮಂಗಳವಾರ ಗೌರವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಹೋದ ಮೇಲೆ ಕಂಬಳಿಯನ್ನು ಹೆಗಲಿಗೇರಿಸಿಕೊಂಡು ನಮ್ಮ ಓಣಿಯ ಗಂಜಿ ಶೆಡ್ಡಿಗೆ ಹೋದೆ. ಮಗ್ಗಕ್ಕೆ ಏರಿಸುವ ಹತ್ತಿಯ ನೂಲು ಗಟ್ಟಿಯಾಗಲೆಂದು ಅಲ್ಲಿ ಗಂಜಿ ಹಾಕುತ್ತಾರೆ. ಅದಕ್ಕಾಗಿ ದೊಡ್ಡ ಹಂಡೆಯಲ್ಲಿ ನೀರು ಸದಾ ಕುದಿಯುತ್ತಿರುತ್ತದೆ. ಹತ್ತಿಯನ್ನು ಎಷ್ಟು ಕುದಿಸಿದರೂ ಏನೂ ಆಗುವುದಿಲ್ಲ. ನನ್ನ ಹದಿನೈದು ವರ್ಷದ ಅನುಭವವೆಲ್ಲ ಹತ್ತಿಯದೇ. ಉಣ್ಣೆಯೂ ನೂಲೇ ತಾನೇ ಎಂದುಕೊಂಡೆ.

ಹಂಡೆ ನೋಡಿಕೊಳ್ಳುವ ಧೋಂಡಿಬಾ ಹೌಹಾರಿದ. "ಅಹೋ, ಘೋಂಗಡಂ ಗರಮ ಪಾಣ್ಯಾತ ಘಾಲತಾತ ಕಾ?" ಎಂದ. ಕಂಬಳಿಯನ್ನು ಯಾರಾದರೂ ಬಿಸಿನೀರಿಗೆ ಹಾಕುತ್ತಾರೆಯೇ ಎಂದು ಅವನ ಪ್ರಶ್ನೆ. ನಾನು ಗಂಭೀರವಾಗಿ, "ಧೋಂಡಿಬಾ, ನೀವು ಹಿಮಚಿರತಿ ಬಗ್ಗೆ ಓದೀರೇನು?" ಎಂದು ಕೇಳಿದೆ. ಅವನು ಓದಿರಲಿಲ್ಲ. ಪಕ್ಕಕ್ಕೆ ಸರಿದು ನಿಂತ.

ಹಂಡೆಗೆ ಬಟ್ಟೆ ಒಗೆಯುವ ಸೋಡಾ ಸುರಿದೆ. ಕಂಬಳಿ ಇಳಿಸಿದೆ. ವಾಸನೆ ಹೋಗಲಿಲ್ಲ, ಬದಲಿಗೆ ಇಡೀ ಓಣಿಗೆ ಹಬ್ಬಿತು! ಇನ್ನಷ್ಟು ಸೋಡಾ ಹಾಕಿದೆ. ಕಲ್ಲಿನ ಮೇಲೆ ಎಳೆದು ಕಟ್ಟಿಗೆಯ ಕೊಡತಿಯಿಂದ ಬಡಿದೆ. ಮತ್ತೆ ಕುದಿಸಿದೆ, ಮತ್ತೆ ಬಡಿದೆ. ಬಡಿದಂತೆಲ್ಲ ಕಂಬಳಿ ಕೈಗೆ ಹಗುರವಾಗಿ ಸಿಗತೊಡಗಿತು. ಕೊಳೆ ಹೋಗುತ್ತಿದೆ ಎಂದು ಸಂತೋಷಪಟ್ಟೆ.

ಹೋಗುತ್ತಿದ್ದದ್ದು ಕಂಬಳಿ!

ಹಿಂಡಿ ಬಿಚ್ಚಿ ನೋಡಿದರೆ, ಆಳು ಹೊದ್ದು ಕಾಲಿನ ಕೆಳಗೆ ಮಡಚಿಕೊಳ್ಳುವಷ್ಟಿದ್ದ ಕಂಬಳಿ ನನ್ನ ಸೊಂಟದ ಎತ್ತರಕ್ಕೆ ಬಂದಿತ್ತು. ದಪ್ಪ ಮಾತ್ರ ರೊಟ್ಟಿಯ ಮೇಲೆ ರೊಟ್ಟಿ ಇಟ್ಟಂತೆ. ಧೋಂಡಿಬಾ ಅದನ್ನು ಎರಡು ಬೆರಳಿನಲ್ಲಿ ಹಿಡಿದು ತನ್ನ ಸೊಂಟಕ್ಕೂ ಅಳೆದು ನೋಡಿದ.

ಮುಂದಿನದು ದುರಸ್ತಿಕಾರ್ಯ. ಒಂದು ಅಂಚನ್ನು ಹಗ್ಗದಿಂದ ಬೇವಿನ ಗಿಡಕ್ಕೆ ಕಟ್ಟಿ ಇನ್ನೊಂದು ಅಂಚನ್ನು ನಾನು, ಧೋಂಡಿಬಾ, ಶೆಡ್ಡಿನ ಇನ್ನೊಬ್ಬ ಆಳು ಹೀಗೆ ಮೂವರು ಹಿಡಿದು ಜಗ್ಗಿದೆವು. ಹಗ್ಗ ಹರಿದು ಮೂವರೂ ಗಂಜಿಯ ತೊಟ್ಟಿಗೆ ಬಿದ್ದೆವು. ಆಮೇಲೆ ತಂತಿಗೆ ಇಳಿಬಿಟ್ಟು ಕೆಳಗೆ ಇಟ್ಟಿಗೆ ಕಟ್ಟಿದೆ. ಸಂಜೆಗೆ ಒಂದು ಮೂಲೆ ಮಾತ್ರ ನಾಯಿಯ ಕಿವಿಯಂತೆ ಗೇಣುದ್ದ ಜೋತುಬಿದ್ದಿತ್ತು.

ಗೌರವ್ವ ಬಂದು ನೋಡಿದಳು. ಬೈಯುತ್ತಾಳೆಂದು ತಯಾರಾಗಿ ನಿಂತಿದ್ದೆ. ಅವಳು ಕಂಬಳಿಯನ್ನು ತಂತಿಯಿಂದ ಇಳಿಸಿ, ಇಟ್ಟಿಗೆ ಬಿಚ್ಚಿ, ಎದೆಗವಚಿಕೊಂಡು ಕುಳಿತುಬಿಟ್ಟಳು.

"ಗಡಹಿಂಗ್ಲಜ ಪ್ಯಾಟ್ಯಾಗ ಹೊಸಾದ ಸಿಗತೈತಿ, ನಾಳೆ ತರ್ತೇನಿ" ಎಂದೆ.

"ಪ್ಯಾಟ್ಯಾಗ ಅವ್ವನ ಕೈ ಸಿಗತೈತೇನ್ರಿ?" ಎಂದಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟು ದೂರದ ಚಳಿಯಲ್ಲಿ ಆ ಹುಡುಗ ಕೇಳಿದ್ದು ಒಂದೇ ಒಂದು ವಸ್ತು.

ಬುಧವಾರ ಇಬ್ಬರೂ ಸುಳಕೂಡಕ್ಕೆ ಹೋದೆವು. ಅತ್ತೆ ತಮ್ಮ ಹಳೆಯ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಗಂಟನ್ನು ಅವರ ತೊಡೆಯ ಮೇಲಿಟ್ಟು ಹಿಂದೆ ಸರಿದು ನಿಂತೆ. ಅವರು ಬೆರಳಿಂದ ಅಂಚು ಹುಡುಕಿದರು. ಒಂದು ಅಂಚು ಸಿಕ್ಕಿತು. ಇನ್ನೊಂದು ಬಲು ಬೇಗ ಸಿಕ್ಕಿತು!

"ಯಾರ ಮನ್ಯಾಗ ಕೂಸ ಹುಟ್ಟೇತಿ?" ಎಂದು ಕೇಳಿದರು.

ಗೌರವ್ವ ಅಳುತ್ತ ಎಲ್ಲವನ್ನೂ ಹೇಳಿದಳು. ಹಂಡೆ, ಸೋಡಾ, ಕೊಡತಿ, ಇಟ್ಟಿಗೆ, ಹಿಮಚಿರತೆಯನ್ನೂ ಬಿಡಲಿಲ್ಲ. ಅತ್ತೆ ತುಂಡನ್ನು ಇನ್ನೊಮ್ಮೆ ಅಂಚಿನಿಂದ ಅಂಚಿಗೆ ತಡವಿ ನೋಡಿದರು. ಆಮೇಲೆ, "ಬಿಸಿನೀರಾಗ ಕಂಬಳಿ ಸಾಯತೈತಿ ಅಂತ ನಮ್ಮ ಓಣಿ ಕೂಸಿಗೂ ಗೊತ್ತೈತಿ, ಅಳಿಯಂದ್ರ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹೊದ್ದಿದ್ದ ತಮ್ಮ ಕಂಬಳಿಯನ್ನು ತೆಗೆದು, ಕೊಡವಿ, ಮಡಚಿ ನನ್ನ ಕೈಗಿಟ್ಟರು.

"ಇದೂ ನಾನ ನೂತಿದ್ದು. ಲಕ್ಕ ಸಣ್ಣಾಂವ ಇದ್ದಾಗ ಇದರಾಗ ಮಲಗ್ಯಾನ. ಇದನ್ನ ಕಳಸ್ರಿ. ತೊಳೀಬ್ಯಾಡ್ರಿ!"

"ಮತ್ತ ನಿಮಗ?"

"ನನಗ ಇದ ಐತೆಲ್ಲಾ" ಎಂದು ನಾನು ಕುದಿಸಿದ ತುಂಡನ್ನು ಮೊಣಕಾಲ ಮೇಲೆ ಎಳೆದುಕೊಂಡರು. ಅದು ಮೊಣಕಾಲಿಗೆ ಸರಿಯಾಗಿತ್ತು. ಅಷ್ಟಕ್ಕೇ ಸರಿಯಾಗಿತ್ತು. ನಾನು ನಮ್ಮ ಮನೆಯ ಎರಡು ಕೌದಿ ತಂದುಕೊಡುತ್ತೇನೆ ಎಂದೆ. ಹತ್ತಿಯದು ತನಗೆ ಒಗ್ಗುವುದಿಲ್ಲ ಎಂದರು.

ಗುರುವಾರ ಕೊಲ್ಹಾಪುರದ ಸ್ಟೇಷನ್ನಿನಲ್ಲಿ ಕಂಬಳಿಯನ್ನು ಜವಾನನ ಕೈಗೆ ಕೊಟ್ಟೆ. ಕುರಿಯ ವಾಸನೆ ಸಮೇತ. ಗೌರವ್ವನ ಹಟಕ್ಕೆ ಹಂಡೆಯ ಕಥೆ, ಚಿರತೆಯ ಕಥೆ ಎರಡನ್ನೂ ನಾನೇ ಬರೆದ ಚೀಟಿಯೂ ಅದರ ಮಡಿಕೆಯಲ್ಲಿತ್ತು. ರೈಲು ಕಣ್ಮರೆಯಾಗುವವರೆಗೆ ನನ್ನ ತಲೆಯಲ್ಲಿ ಹಿಮಚಿರತೆ ಸುಳಿದಾಡುತ್ತಲೇ ಇತ್ತು, ಸುಳ್ಳೇಕೆ ಹೇಳಲಿ.

ಪುಷ್ಯಮಾಸದಲ್ಲಿ ಲಕ್ಕಪ್ಪನ ಪತ್ರ ಬಂತು. 'ಕಂಬಳಿ ಮುಟ್ಟಿತು. ಅವ್ವನ ವಾಸನಿ ಬರತೈತಿ. ಭಾಳ ದಿನದ ಮ್ಯಾಲ ನಿದ್ದಿ ಹತ್ತಿತು. ಚಿರತಿ ಬರಲಿಲ್ಲಂತ ಮಾಮಾಗ ಹೇಳ್ರಿ. ನಮ್ಮ ಠಾಣೆದ ಸುತ್ತ ಇಲ್ಲಿ ಮಂದಿ ಕುರಿ, ಆಡು ಮೇಸತಾರ; ಇಡೀ ಕೊಳ್ಳಾನ ಕುರಿ ವಾಸನಿ. ಇಲ್ಲಿ ಮಂದಿ ಉಣ್ಣಿಗಿ ಬಿಸಿನೀರ ಹಾಕಿ ಬಡದು, ಗಟ್ಟಿ ಮಾಡಿ ಬೂಟ ಮಾಡಕೋತಾರ. ಮಾಮಾ ಮಾಡಿದ್ದು ಅದನ್ನ. ಕಲಿಸಿದವರ್ಯಾರು?' ಎಂದು ಬರೆದಿದ್ದ.

ಆ ಪತ್ರ ಓದಿಹೇಳಲು ಸುಳಕೂಡಕ್ಕೆ ಹೋದೆ. ಅತ್ತೆ ಮೂರು ಸಲ ಓದಿಸಿದರು. ಮುಂಜಾನೆಯ ಬಿಸಿಲಿನಲ್ಲಿ ಕುಳಿತಿದ್ದರೂ ಅವರ ಭುಜ ನಡುಗುತ್ತಿತ್ತು. ತುಂಡು ಕಂಬಳಿ ಮೊಣಕಾಲು ಬಿಟ್ಟು ಮೇಲೆ ಏರುತ್ತಿರಲಿಲ್ಲ. ಕೊನೆಗೆ, "ಆ ನಿಮ್ಮ ಪುಸ್ತಕದಾಗ ಇನ್ನೇನೈತಿ, ಹೇಳ್ರಿ ಕೇಳೂಣು" ಎಂದರು.

ಜೀವ ಬಂದಂತಾಯಿತು. ಪೆಂಗ್ವಿನ್ನಿನ ಕಥೆ ಹೇಳಿದೆ. ತಾಯಿ ಹಕ್ಕಿ ಮೊಟ್ಟೆಯಿಟ್ಟು ಸಮುದ್ರಕ್ಕೆ ಹೋಗುತ್ತದೆ. ತಂದೆ ಹಕ್ಕಿ ಆ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು, ಹೊಟ್ಟೆಯಿಂದ ಮುಚ್ಚಿ, ಬೀಸುವ ಹಿಮದಲ್ಲಿ ಎರಡು ತಿಂಗಳು ಅನ್ನನೀರಿಲ್ಲದೆ ನಿಂತಿರುತ್ತದೆ ಎಂದೆ.

ಅತ್ತೆ ಕಿವಿಗೊಟ್ಟು ಕೇಳಿದರು. "ಹೊಚ್ಚಗೊಳ್ಳಾಕ ಏನೂ ಇಲ್ಲದ?"

"ಏನೂ ಇಲ್ಲದ!" ಎಂದೆ ಹೆಮ್ಮೆಯಿಂದ.

ಅವರು ಮೊಣಕಾಲ ಮೇಲಿನ ತುಂಡನ್ನು ಸರಿಪಡಿಸಿಕೊಳ್ಳುತ್ತ, "ಪಾಪ, ಅದರ ಅಳಿಯಾನೂ ನಿಮ್ಮಂಥಾವನ ಇರಬೇಕು" ಎಂದರು.