ತಂಗಿ ಎಣ್ಣೆಸ್ನಾನಕ್ಕೆ ಹೋದಾಗ ನಾನು ಸರ್ವರ್ ಕಾದದ್ದು

ವಡಾಲದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ನಾನು ಒಂದು ವಿದ್ಯೆಯಲ್ಲಿ ಪಾರಂಗತನಾಗಿದ್ದೇನೆ. ಅದು ಹಸಿದ ಮನುಷ್ಯನನ್ನು ಸುಮ್ಮನಿರಿಸುವ ವಿದ್ಯೆ. ಮಧ್ಯಾಹ್ನ ಹೋಟೆಲ್ ತುಂಬಿ, ಬಾಗಿಲ ಹೊರಗೂ ಜನ ನಿಂತು, ಮೂಲೆಯ ಮೇಜಿನಿಂದ ಒಬ್ಬರು ದೋಸೆ ಎಲ್ಲಿ ಎಂದು ಗರ್ಜಿಸಿದರೆ ನಾನು ಕುತ್ತಿಗೆಯನ್ನೂ ತಿರುಗಿಸದೆ "ಬಂತು, ಎರಡೇ ನಿಮಿಷ" ಎನ್ನುತ್ತೇನೆ. ದೋಸೆ ಆಗ ಕಾವಲಿಯ ಮೇಲಿರಬಹುದು, ಹಿಟ್ಟಿನ ಪಾತ್ರೆಯಲ್ಲೇ ಇರಬಹುದು, ಉದ್ದು ಇನ್ನೂ ನೆನೆಯುತ್ತಿರಲೂಬಹುದು. ಅದು ಮುಖ್ಯವಲ್ಲ. ಉತ್ತರ ಕೂಡಲೇ ಬರಬೇಕು, ಅದರಲ್ಲಿ ಧೈರ್ಯ ಇರಬೇಕು. ಗಿರಾಕಿ ತಣ್ಣಗಾಗುತ್ತಾನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಬಂದ ನನಗೆ ಮುಂಬಯಿ ಕಲಿಸಿದ ಪಾಠ ಇದೊಂದೇ. ಇದೊಂದೇ ಸಾಕಾಗಿತ್ತು, ನನ್ನ ತಂಗಿಯ ಸರ್ವರ್ ನನ್ನ ಕೈಗೆ ಸಿಗುವವರೆಗೆ.

ತಂಗಿ ಸುಮನ ನನಗಿಂತ ಬಹಳ ಚಿಕ್ಕವಳು. ಬೆಳೆದದ್ದು, ಓದಿದ್ದು ಎಲ್ಲ ನಮ್ಮ ಮನೆಯಲ್ಲೇ. ಈಗ ಪವಾಯಿಯ ಒಂದು ಆಫೀಸಿನಲ್ಲಿ ಕೆಲಸ. ನಾಟಕಕ್ಕೆ, ಸಂಗೀತಕ್ಕೆ ಜನ ಫೋನಿನಲ್ಲೇ ಟಿಕೆಟ್ ತೆಗೆಯುತ್ತಾರಲ್ಲ, ಆ ಏರ್ಪಾಡಿನ ಕಣ್ಣಿಗೆ ಕಾಣದ ಹಿಂಭಾಗ ಅವಳದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಡುಗೆಮನೆ. ಅದನ್ನು ನಡೆಸುವ ದೊಡ್ಡ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಅದು ಎಲ್ಲಿದೆ ಎಂದು ಕೇಳಿದೆ. ಅವಳಿಗೂ ಗೊತ್ತಿಲ್ಲ, ಎಲ್ಲೋ ಬಾಡಿಗೆಗೆ ಇದೆಯಂತೆ. ಅದಕ್ಕೆ ಮೈ ಹುಷಾರು ತಪ್ಪಿದರೆ ಇವರ ಫೋನಿಗೆ ಬಂದು ಕೂಗುತ್ತದೆ. ಆ ಕೂಗಿಗೆ ಓಗೊಡುವ ಸರದಿ ವಾರಕ್ಕೆ ಒಬ್ಬರದು.

ಸುಮನ ಅಲ್ಲಿಯವರೆಗೆ ಬೇರೆಯವರು ಬರೆದದ್ದನ್ನು ಪರೀಕ್ಷೆ ಮಾಡುವ ಗುಂಪಿನಲ್ಲಿದ್ದಳು. ತನಗೂ ಸರದಿ ಕೊಡಿ ಎಂದು ತಿಂಗಳುಗಟ್ಟಲೆ ಅವಳ ಮೇಲಿನವರಾದ ಕೇತನ್ ಸರ್ ಬೆನ್ನು ಬಿದ್ದಿದ್ದಳು. ಕೊನೆಗೆ ಅವರು ಒಂದು ವಾರ ಕೊಟ್ಟು ನೋಡೋಣ ಎಂದರು. ವಾರ ಸುಸೂತ್ರವಾಗಿ ಕಳೆದರೆ ಅವಳು ಆ ಗುಂಪಿಗೆ, ಇಲ್ಲವಾದರೆ ವಾಪಸು ಹಳೆಯ ಕುರ್ಚಿಗೆ. ವಾರದ ಕೊನೆಯ ದಿನ ಭಾನುವಾರ. ಅಂದು ಬೆಳಿಗ್ಗೆ ಹತ್ತಕ್ಕೆ ಕಾಂದಿವಲಿಯ ದೊಡ್ಡ ಮೈದಾನವೊಂದರ ನವರಾತ್ರಿ ಗರ್ಬಾ ಕುಣಿತಕ್ಕೆ ಇವರಲ್ಲೇ ಪಾಸ್ ಮಾರಾಟ ಶುರು.

ವಾರವಿಡೀ ಆ ಹುಡುಗಿ ನಿದ್ದೆ ಮಾಡಿರಲಿಲ್ಲ. ಕಣ್ಣು ಕೆಂಪು, ತಲೆ ಮುಟ್ಟಿದರೆ ಕಾವಲಿ. ಇದು ಕಂಪ್ಯೂಟರಿನ ಉಷ್ಣ, ಎಣ್ಣೆ ಹಾಕಿ ಮೀಯದೆ ಇಳಿಯುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟೆ. ಇವತ್ತು ಬೇಡ ಎಂದು ಅವಳು ಕೈಮುಗಿದಳು. ಬೇಗ ಮುಗಿಸಿದರಾಯಿತು ಎಂದು ನನ್ನ ಹೆಂಡತಿ ಕುಸುಮ ಬಟ್ಟಲು ಹಿಡಿದು ಬಂದೇಬಿಟ್ಟಳು. ಎಣ್ಣೆ ಹಚ್ಚಿದ ಮೇಲೆ ಅದು ನೆತ್ತಿಗೆ ಇಳಿಯಲಿ, ಇನ್ನೂ ಸ್ವಲ್ಪ ಇಳಿಯಲಿ ಎಂದು ತಡ ಮಾಡಿಸಿದವನೂ ನಾನೇ. ಹೀಗಾಗಿ ಗಡಿಯಾರದಲ್ಲಿ ಹತ್ತಾಗುವಾಗ ನಾದಿನಿ ಅತ್ತಿಗೆ ಇಬ್ಬರೂ ಬಚ್ಚಲಿನಲ್ಲಿದ್ದರು. ಫೋನ್ ಫ್ರಿಜ್ಜಿನ ಮೇಲಿತ್ತು. ಕೂಗುವಾಗ ಬೀಗ ತೆಗೆಯುವ ತಾಪತ್ರಯ ಬೇಡವೆಂದು ಅವಳು ಆ ವಾರ ಅದಕ್ಕೆ ಬೀಗವನ್ನೂ ಹಾಕಿರಲಿಲ್ಲ.

"ಅಣ್ಣಾ, ಫೋನ್ ಬಜಾ ತೋ ಸೀದಾ ಬಂದು ಬಾಗಿಲು ಬಡಿ" ಎಂದು ಹೇಳಿ ಹೋಗಿದ್ದಳು. "ನೀನು ಏನೂ ಟಚ್ ಮಾಡ್ಬೇಡ, ಪ್ಲೀಸ್."

ನಾನು ನಕ್ಕೆ. ವಡಾಲದ ಇಡೀ ಮಧ್ಯಾಹ್ನದ ಹಸಿವನ್ನು ಸಂಭಾಳಿಸುವವನಿಗೆ ಒಂದು ಫೋನ್ ಯಾವ ಲೆಕ್ಕ!

ಹತ್ತು ದಾಟಿ ಸ್ವಲ್ಪ ಹೊತ್ತಿಗೆ ಅದು ಕೂಗಿತು. ಆಂಬುಲೆನ್ಸೂ ಕೋಳಿ ಹುಂಜವೂ ಒಟ್ಟಿಗೆ ಜಗಳಕ್ಕೆ ನಿಂತ ಹಾಗಿತ್ತು. ಪ್ರಾಮಾಣಿಕವಾಗಿ ಹೇಳುತ್ತೇನೆ, ನಾನು ಬಚ್ಚಲಿನ ಬಾಗಿಲವರೆಗೆ ಹೋದೆ. ಕೈಯನ್ನೂ ಎತ್ತಿದ್ದೆ. ಒಳಗೆ ಬಿಸಿನೀರಿನ ಸದ್ದು, ಕಣ್ಣಿಗೆ ಸೀಗೆ ಹೋಯಿತೆಂದು ಸುಮನ ಕೂಗುವುದು, ಕುಸುಮ ಬೈಯುವುದು, ಆಮೇಲೆ ಇಬ್ಬರೂ ನಗುವುದು. ಆ ಹುಡುಗಿ ನಕ್ಕು ಒಂದು ವಾರವಾಗಿತ್ತು. ಎತ್ತಿದ ಕೈಯನ್ನು ಇಳಿಸಿದೆ.

ಹಿಂದಿರುಗಿ ಫೋನ್ ನೋಡಿದೆ. ಎರಡು ಗುಂಡಿಗಳಿದ್ದವು, ಒಂದು ನೀಲಿ, ಒಂದು ಹಸಿರು. ಸರದಿ ಶುರುವಾಗುವ ಮೊದಲು ಸುಮ್ಮನೆ ಪರೀಕ್ಷೆಗೆಂದು ಅದನ್ನು ಕೂಗಿಸಿದಾಗ ಅವಳು ನೀಲಿಯನ್ನು ಒತ್ತಿದ್ದನ್ನು ನಾನು ಕಂಡಿದ್ದೆ. ಒತ್ತಿದೆ. ಮೌನ. ಆಹಾ, ಇದೂ ನಮ್ಮ "ಬಂತು" ಎಂಬ ಮಾತೇ! ಗಿರಾಕಿ ಕೂಗುತ್ತಾನೆ, ನಾವು ಓಗೊಡುತ್ತೇವೆ, ಅವನು ಸುಮ್ಮನಾಗುತ್ತಾನೆ. ಇಷ್ಟಕ್ಕೆ ಎಂಜಿನಿಯರಿಂಗ್ ಓದಬೇಕೆ?

ಮತ್ತೆ ಕೂಗಿತು. ಮತ್ತೆ ನೀಲಿ. ಆಮೇಲೆ ಉಸಿರಾಡಲೂ ಬಿಡದೆ ಕೂಗತೊಡಗಿತು. ನೀಲಿಯಲ್ಲಿ ಧೈರ್ಯ ಸಾಲದೇನೋ ಎಂದು ಹಸಿರನ್ನೇ ಒತ್ತಿದೆ. ಹಸಿರು ಎಂದರೆ ಸಿಗ್ನಲಿನಿಂದ ಹಿಡಿದು ಎಲ್ಲ ಕಡೆಯೂ ಒಳ್ಳೆಯದೇ ತಾನೆ? ಫೋನಿನ ಮೇಲೆ ಒಂದು ಸರಿ ಗುರುತು ಮೂಡಿತು. ಎಲ್ಲ ಪರಿಹಾರವಾಯಿತು ಎಂದು ಅದರ ಅರ್ಥವಂತೆ. ನನಗೂ ಹಾಗೇ ಅನಿಸಿತ್ತು.

ಆಗ ಫೋನ್ ನಿಜವಾಗಿಯೂ ರಿಂಗಾಯಿತು. ಕೇತನ್ ಸರ್. ಎತ್ತದಿದ್ದರೆ ತಂಗಿಯ ಮರ್ಯಾದೆ ಹೋಗುತ್ತದೆಂದು ಎತ್ತಿದೆ. ಅವರು ಹಿಂದಿಯಲ್ಲಿ ಇಂಗ್ಲಿಷ್ ಬೆರೆಸಿ ಏನೇನೋ ಕೇಳಿದರು. ನನಗೆ ತಿಳಿದದ್ದು ಕೊನೆಯ ಮಾತು ಮಾತ್ರ, ಎಷ್ಟು ಹೊತ್ತು ಬೇಕು?

ಈ ಪ್ರಶ್ನೆಗೆ ನನ್ನ ಬಾಯಿ ನನ್ನ ಅನುಮತಿ ಕೇಳುವುದಿಲ್ಲ. "ಹೋ ರಹಾ ಹೈ ಸರ್, ದೋ ಮಿನಿಟ್" ಎಂದಿತು.

ಧ್ವನಿಯಲ್ಲಿ ಎಂಥ ಧೈರ್ಯವಿತ್ತೆಂದರೆ ಅವರು ಥ್ಯಾಂಕ್ಯೂ ಎಂದು ಫೋನ್ ಇಟ್ಟರು.

ಫ್ರಿಜ್ಜಿನ ಮೇಲೆ ಫೋನ್ ಇಡುವಷ್ಟರಲ್ಲಿ ಮನೆಯ ಗಂಟೆ. ಎದುರು ಮನೆಯ ಹಂಸಾಬೆನ್ ತಮ್ಮ ಫೋನ್ ಹಿಡಿದು ನಿಂತಿದ್ದರು. ಸೊಸೆಯಂದಿರಿಗೆಲ್ಲ ಗರ್ಬಾ ಪಾಸ್ ತೆಗೆಯಲು ಕೂತರೆ ಪರದೆ ಮುಂದೆ ಹೋಗುತ್ತಿಲ್ಲವಂತೆ. "ರಘುಭಾಯಿ, ಯೇ ಗೋಲ್ ಗೋಲ್ ಘೂಮತಾ ಹೈ" ಎಂದು ತೋರಿಸಿದರು. ಪರದೆಯ ನಡುವೆ ಒಂದು ಸಣ್ಣ ಬಳೆ ಸುತ್ತುತ್ತಿತ್ತು. ಪಾಸಿಲ್ಲದೆ ಗರ್ಬಾ ಆಡುತ್ತಿದ್ದದ್ದು ಅದೊಂದೇ.

ಚಿಂತೆ ಬೇಡ, ಎರಡು ನಿಮಿಷ, ಎಂದೆ. ಅವರು ನಂಬಿ ಹೋದರು. ನನ್ನ ಮಾತನ್ನು ಎಲ್ಲರೂ ನಂಬುತ್ತಾರೆ. ಅದೇ ಕಷ್ಟ.

ಕುಸುಮ ಟವೆಲಿಗೆಂದು ಹೊರಗೆ ಬಂದಳು. "ಹ್ವಾಯ್, ಹಂಸಾಬೆನ್‌ಗೆ ಎಂತ ಆಯ್ತ್?"

ಯಾವುದೋ ಕಾಂದಿವಲಿಯ ಗರ್ಬಾ ಪಾಸ್ ಸಿಗುತ್ತಿಲ್ಲವಂತೆ ಎಂದೆ.

ಅವಳು ನಿಂತಳು. "ನಮ್ಮ ಸುಮನಂದೂ ಕಾಂದಿವಲಿದ್ದೇ ಅಲ್ದಾ?"

ಅದು ಬೇರೆ ಕಾಂದಿವಲಿ ಇರಬಹುದು ಎಂದೆ. ಕಾಂದಿವಲಿ ಒಂದೇ ಎಂಬುದು ವೆಸ್ಟರ್ನ್ ಲೈನಿನ ಪ್ರತಿ ಲೋಕಲ್ ರೈಲಿಗೂ ಗೊತ್ತು. ಕುಸುಮಳ ಕಣ್ಣು ನನ್ನ ಮುಖದಿಂದ ಫ್ರಿಜ್ಜಿಗೆ ಹೋಯಿತು, ಫ್ರಿಜ್ಜಿನಿಂದ ನನ್ನ ಬೆರಳಿಗೆ ಬಂತು. ನನ್ನ ಬೆರಳು ಇನ್ನೂ ಒತ್ತುವ ಭಂಗಿಯಲ್ಲೇ ಇತ್ತು.

ಸುಮನ ಹೊರಬಂದ ದೃಶ್ಯವನ್ನು ನಾನು ಮರೆಯಲಾರೆ. ಮೈಮೇಲೆ ಹೇಗೋ ಸುತ್ತಿಕೊಂಡ ಅತ್ತಿಗೆಯ ನೈಟಿ, ತಲೆಯಲ್ಲಿ ಅರ್ಧ ಎಣ್ಣೆ ಅರ್ಧ ಸೀಗೆ, ಒಂದು ಕಣ್ಣು ಮುಚ್ಚಿದೆ. ತೆರೆದ ಕಣ್ಣಿನಿಂದಲೇ ಲ್ಯಾಪ್‌ಟಾಪ್ ತೆರೆದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಮೇಲೆ ಓಡತೊಡಗಿದವು. ಸೀಗೆಯ ಕಂದು ಹನಿಗಳು ಕೆಳಗೆ ಓಡತೊಡಗಿದವು. ಏನಾಗಿದೆ ಎಂದು ಕುಸುಮ ಮೆಲ್ಲಗೆ ಕೇಳಿದಳು. ಸುಮನ ಟೈಪ್ ಮಾಡುತ್ತಲೇ ಹೇಳಿದ್ದು ಇಷ್ಟು. ನಮ್ಮ ಹೋಟೆಲಿಗೆ ಹೋಲಿಸಿದರೆ, ಊಟ ಮುಗಿದವರು ಎಲೆ ಮುಂದೆ ಹಾಗೇ ಕೂತಿದ್ದಾರೆ, ಯಾರೂ ಏಳುತ್ತಿಲ್ಲ. ಹೊಸಬರಿಗೆ ಜಾಗವಿಲ್ಲ. ನಿನ್ನೆ ಹಾಕಿದ ಹೊಸ ಕೋಡಿನಲ್ಲಿ ಏಳಿಸುವವನೇ ಇಲ್ಲ. ಅದನ್ನು ತೆಗೆದು ಮೊದಲಿನ ಹಳೆಯದನ್ನೇ ವಾಪಸು ಹಾಕಬೇಕು, ಎಲ್ಲರನ್ನೂ ಒಮ್ಮೆ ಹೊರಗೆ ಕಳಿಸಿ ಬಾಗಿಲು ತೆರೆಯಬೇಕು.

ಹಾಕಿದಳು, ಕಳಿಸಿದಳು, ತೆರೆದಳು. ತಲೆಯ ಸೀಗೆ ಒಣಗುವ ಮೊದಲೇ ಎದುರು ಮನೆಯಿಂದ ಹಂಸಾಬೆನ್ ಚಪ್ಪಾಳೆ ಕೇಳಿಸಿತು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀಲಿ ಒತ್ತೋದು ಅಂದ್ರೆ, ನಾನು ನೋಡಿದೆ, ನನ್ನ ಕೈಯಲ್ಲಿದೆ, ಬಾಕಿ ಲೋಗ್ ಆರಾಮಾಗಿರಿ ಅಂತ ಅಣ್ಣಾ. ಯಾರೂ ಒತ್ತದಿದ್ರೆ ಅದು ತಾನಾಗೇ ಕೇತನ್ ಸರ್‌ಗೆ ಹೋಗ್ತಿತ್ತು. ನೀನು ಕುಛ್ ಭೀ ಮಾಡದೆ ಸುಮ್ನೆ ಕೂತಿದ್ರೆ ಸಾಕಿತ್ತು."

ಜೀವಮಾನದಲ್ಲಿ ನನ್ನಿಂದ ಯಾರೂ ಇಷ್ಟು ಕಡಿಮೆ ಕೇಳಿರಲಿಲ್ಲ. ಅದನ್ನೂ ನಾನು ಮಾಡಿರಲಿಲ್ಲ.

ಕೇತನ್ ಸರ್ ಫೋನಿಗೆ ನಾನು ಕೊಟ್ಟ ಉತ್ತರದ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಅವಳ ಮುಖ ನೋಡಿ ಧೈರ್ಯವಾಗಲಿಲ್ಲ. ಸಾಲದ್ದಕ್ಕೆ ಸಂಜೆ ಹಂಸಾಬೆನ್ ಒಂದು ತಟ್ಟೆ ಢೋಕ್ಲಾ ತಂದರು. ರಘುಭಾಯಿ ಎರಡು ನಿಮಿಷ ಎಂದರು, ಕಂಪೆನಿಗೆ ಹೇಳಿ ಸರಿ ಮಾಡಿಸಿದರು ಎಂದು ಇಡೀ ಬಿಲ್ಡಿಂಗಿಗೆ ಸಾರಿ ಬಂದಿದ್ದರು. ಆ ಢೋಕ್ಲಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಬಹಳ ಚೆನ್ನಾಗಿತ್ತು, ಆದರೂ ಇಳಿಯಲಿಲ್ಲ. ಮೂರನೆಯ ತುಂಡಿಗೆ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಅವರ ಮೀಟಿಂಗ್. ಸುಮನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಳು. ಹೋಟೆಲಿಗೆ ತಡವಾಗಿ ಬರುತ್ತೇನೆಂದು ಹೇಳಿ ನಾನು ಅಡುಗೆಮನೆಯ ಬಾಗಿಲ ಹಿಂದೆ ಬನಿಯನ್ ಲುಂಗಿಯಲ್ಲಿ ನಿಂತಿದ್ದೆ. ಅವರಲ್ಲಿ ಒಂದು ಪದ್ಧತಿಯಿದೆ. ಏನಾದರೂ ಬಿದ್ದರೆ ಎಲ್ಲರೂ ಕೂತು ಯಾಕೆ ಬಿತ್ತು ಎಂದು ಬರೆಯುತ್ತಾರೆ. ಯಾರ ಹೆಸರನ್ನೂ ಬರೆಯುವಂತಿಲ್ಲ, ಯಾರನ್ನೂ ಬೈಯುವಂತಿಲ್ಲ. ನಮ್ಮಲ್ಲಿ ಒಂದು ಲೋಟ ಒಡೆದರೆ ಮೊದಲು ಹೆಸರು, ಆಮೇಲೆ ಪೊರಕೆ.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಫೋನನ್ನು ಮನೆಯವರ ಬಳಿ ಬಿಟ್ಟದ್ದು ತನ್ನ ತಪ್ಪು, ಅವರ ಕೈ ತಾಗಿತು ಎಂದು ಸುಮನ ಮೊದಲೇ ಹೇಳಿದ್ದಳು. ಆಗ ಕೇತನ್ ಸರ್ ಒಂದು ಅರ್ಥವಾಗುತ್ತಿಲ್ಲ ಎಂದರು. ಗರ್ಬಾದವರ ದೂರು ಕೇಳಿ ತಾನು ಫೋನ್ ಮಾಡಿದಾಗ ಯಾರೋ ಸೀನಿಯರ್ ಎಂಜಿನಿಯರ್ ಎತ್ತಿದರು, ಬಹಳ ಆತ್ಮವಿಶ್ವಾಸದ ಮನುಷ್ಯ, ಎರಡು ನಿಮಿಷ ಎಂದರು. ಅದನ್ನು ನಂಬಿ ತಾನು ಗರ್ಬಾದವರಿಗೆ ಹೇಳಿದೆ, ಅವರು ಎಲ್ಲರಿಗೂ ಮೆಸೇಜ್ ಹಾಕಿದರು. ಬೇಸತ್ತು ಎದ್ದುಹೋದವರೂ ಒಟ್ಟಿಗೆ ವಾಪಸು ನುಗ್ಗಿ ಇನ್ನಷ್ಟು ಕೆಟ್ಟಿತು. ಯಾರು ಆ ಸೀನಿಯರ್?

ತನ್ನ ಜೊತೆ ಯಾರೂ ಇರಲಿಲ್ಲ ಎಂದಳು ಸುಮನ. ಪರದೆಯ ಡಬ್ಬಿಗಳೊಳಗಿನ ಮುಖಗಳೆಲ್ಲ ಹುಬ್ಬೇರಿಸಿದವು. ಅವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಆ ಹುಬ್ಬುಗಳು ಹೇಳುತ್ತಿದ್ದವು. ಅವಳ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಒಂದು ವಾರದ ನಿದ್ದೆ, ತಿಂಗಳುಗಟ್ಟಲೆಯ ಆಸೆ, ಎಲ್ಲ ನನ್ನ ಎರಡು ನಿಮಿಷದಲ್ಲಿ ಹೋಗುತ್ತಿತ್ತು.

ನಾನು ಬನಿಯನ್ ಸಮೇತ ಕ್ಯಾಮೆರಾದ ಮುಂದೆ ಬಂದೆ. "ಸರ್, ವೋ ಸೀನಿಯರ್ ಮೈ ಹೂಂ."

ಎಲ್ಲ ಹೇಳಿದೆ. ನೀಲಿ, ಹಸಿರು, ಹಂಸಾಬೆನ್, ಏನೂ ಬಿಡಲಿಲ್ಲ. ಹೇಳಿ ಮುಗಿಸಿ, ಬೈಯಿರಿ ಎಂದು ತಲೆ ತಗ್ಗಿಸಿ ನಿಂತೆ. ಯಾರೂ ಬೈಯಲಿಲ್ಲ! ಇಲ್ಲಿ ಆ ಪದ್ಧತಿಯಿಲ್ಲ ಭಾಯಿಸಾಬ್ ಎಂದು ಕೇತನ್ ಸರ್ ನನಗೇ ಸಮಾಧಾನ ಹೇಳಿದರು. ಬದಲಿಗೆ ಪ್ರಶ್ನೆ ಕೇಳತೊಡಗಿದರು. ಬೇರು ಸಿಗುವವರೆಗೆ ಯಾಕೆ ಯಾಕೆ ಎಂದು ಕೇಳಬೇಕಂತೆ. ಎರಡು ನಿಮಿಷ ಎಂದು ಯಾಕೆ ಹೇಳಿದಿರಿ? ಹೋಟೆಲಿನಲ್ಲಿ ಹಾಗೇ ಹೇಳುವುದು. ಗುಂಡಿ ಯಾಕೆ ಒತ್ತಿದಿರಿ? ಕೂಗು ನಿಲ್ಲಲಿ ಎಂದು. ಬಾಗಿಲು ಯಾಕೆ ಬಡಿಯಲಿಲ್ಲ?

"ಅಂದರ್ ಮೇರಿ ಬೆಹನ್ ಹಸ್ ರಹೀ ಥೀ, ಸರ್" ಎಂದೆ. ಒಳಗೆ ತಂಗಿ ನಗುತ್ತಿದ್ದಳು, ಅದೇ ಕಾರಣ.

ಅದರ ಮುಂದೆ ಯಾಕೆ ಎಂದು ಯಾರೂ ಕೇಳಲಿಲ್ಲ. ಸುಮನ ಮಾತ್ರ ಒದ್ದೆ ಕಣ್ಣಿನಲ್ಲಿ ನನ್ನನ್ನು ನೋಡಿ, ಒಳಗೆ ಹೋಗಿ ಶರ್ಟ್ ಹಾಕು ಎಂದು ಸನ್ನೆ ಮಾಡಿದಳು.

ಅವಳಿಗೆ ಆ ಗುಂಪಿನಲ್ಲಿ ಜಾಗ ಸಿಕ್ಕಿತು. ತಲೆಯಲ್ಲಿ ಸೀಗೆ ಇಟ್ಟುಕೊಂಡೇ ಬಿದ್ದ ಸರ್ವರನ್ನು ಎತ್ತಿ ನಿಲ್ಲಿಸಿದವಳನ್ನು ಬಿಡುವುದುಂಟೇ ಎಂದರಂತೆ ಕೇತನ್ ಸರ್. ಆಫೀಸಿನಲ್ಲಿ ಹೊಸ ನಿಯಮವೂ ಬಂತು. ನೀಲಿ ಒತ್ತಿದವರು ಈಗ ಏನು ಮಾಡುತ್ತಿದ್ದೇನೆ ಎಂದು ಬರೆಯಲೇಬೇಕು, ಬರೆಯದಿದ್ದರೆ ಫೋನ್ ಮುಂದಿನವರಿಗೆ ಕೂಗುತ್ತದೆ. ವರದಿಯಲ್ಲಿ ನನ್ನ ಹೆಸರಿಲ್ಲ. "ಹೊರಗಿನ ಅಡಚಣೆ" ಎಂದು ಬರೆದಿದ್ದಾರಂತೆ. ಇಷ್ಟೆಲ್ಲ ಮಾಡಿದವನಿಗೆ ಒಂದು ಹೆಸರಾದರೂ ಬೇಡವೇ ಎಂದು ಸಣ್ಣಗೆ ಬೇಸರವಾದದ್ದು ನಿಜ.

ಮೊನ್ನೆ ಮತ್ತೆ ಸುಮನಳ ಸರದಿ, ಮತ್ತೆ ಭಾನುವಾರ, ಮತ್ತೆ ಎಣ್ಣೆಸ್ನಾನ. ಫೋನನ್ನು ಹಂಸಾಬೆನ್ ಕೈಗೆ ಕೊಟ್ಟು ನಮ್ಮ ಬಚ್ಚಲಿನ ಬಾಗಿಲಲ್ಲೇ ಕುರ್ಚಿ ಹಾಕಿ ಕೂರಿಸಿದರು. ಅವರು ಅದನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ನನಗೂ ಒಂದು ಜವಾಬ್ದಾರಿ ಸಿಕ್ಕಿತ್ತು, ಸೀಗೆಪುಡಿ ಕಲಸಿ ಕೊಡುವುದು.

"ಹ್ವಾಯ್, ಸೀಗೆ ಎಲ್ಲಿ?" ಎಂದು ಒಳಗಿನಿಂದ ಕುಸುಮ ಕೇಳಿದಳು.

"ಬಂತು, ಎರಡೇ ನಿಮಿಷ" ಎಂದೆ.

ಬಚ್ಚಲಿನೊಳಗೆ ಚೊಂಬು ಕೆಳಗಿಟ್ಟ ಸದ್ದು. ಆಮೇಲೆ ತಂಗಿಯ ದನಿ. "ಅಣ್ಣಾ, ಈಗ ಎಕ್ಸಾಕ್ಟ್ ಏನು ಮಾಡ್ತಿದ್ದಿ, ಅದು ಹೇಳು."

ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಸೀಗೆಪುಡಿ ಇನ್ನೂ ಅಂಗಡಿಯಲ್ಲಿತ್ತು.