ಹತ್ತು ಪೋಷಕ ನಟರೂ ಒಂದು ಬಳೆಗೋಪುರವೂ

ನಮ್ಮ ಸಂಘ ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ಒಂದು ಊರಿಗೆಂದು ಹೊರಟು ಇನ್ನೊಂದು ಊರಲ್ಲಿ ಇಳಿಯುತ್ತದೆ. ಇದು ಇವತ್ತಿನ ಮಾತಲ್ಲವಾದ್ದರಿಂದ ಆಶ್ಚರ್ಯಪಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಸಂಘವೆಂದರೆ ಸಿನಿಮಾ ಹುಚ್ಚಿನ ನಾಲ್ಕು ಜನ, ಅಷ್ಟೇ. ರಾಮನಗರದಲ್ಲಿ ರೇಷ್ಮೆ ಗೂಡು ಕೊಂಡು ನೂಲು ತೆಗೆಸುವ ರೀಲರ್ ಒಬ್ಬರು ನಮ್ಮ ಅಧ್ಯಕ್ಷರು. ಮಾಗಡಿಯ ನಿವೃತ್ತ ಮೇಷ್ಟ್ರು ಒಬ್ಬರು. ಕನಕಪುರದ ಕಡೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು ಒಬ್ಬರು. ಚನ್ನಪಟ್ಟಣ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ನಾನು ಕಾರ್ಯದರ್ಶಿ. ಯಾಕೆಂದರೆ ಕಂಪ್ಯೂಟರ್ ನನ್ನದು, ಕಾಗದ ನನ್ನದು, ಬೈಸಿಕೊಳ್ಳುವ ಅಭ್ಯಾಸವೂ ನನ್ನದೇ.

ಮೊದಲು ನಾವು ವರ್ಷದ ಅತ್ಯುತ್ತಮ ನಾಯಕನಟರ ಪಟ್ಟಿ ಮಾಡುತ್ತಿದ್ದೆವು. ಒಂದು ಸಲ ಅದನ್ನು ಅಂಗಡಿ ಬಾಗಿಲಿಗೆ ಅಂಟಿಸಿದೆ. ಸಂಜೆಯೊಳಗೆ ಮೂವರು ನಟರ ಅಭಿಮಾನಿಗಳು ಮೂರು ತಂಡವಾಗಿ ಬಂದು ನನ್ನನ್ನು ವಿಚಾರಿಸಿಕೊಂಡು ಹೋದರು. ಆವತ್ತೇ ತೀರ್ಮಾನಿಸಿದೆವು, ಇನ್ನು ಮೇಲೆ ನಾಯಕರ ಸಹವಾಸ ಬೇಡ, ಪೋಷಕ ನಟರ ಪಟ್ಟಿ ಮಾಡೋಣ ಅಂತ. ನಾಯಕನ ಸೋದರಮಾವನ ಪಾತ್ರ ಮಾಡಿದವನ ಪರವಾಗಿ ಜಗಳಕ್ಕೆ ಯಾರು ಬರುತ್ತಾರೆ? ಯಾರೂ ಬರಲಿಲ್ಲ ನಿಜ. ಆದರೆ ನಾವು ನಾಲ್ವರು ಇದ್ದೆವಲ್ಲ.

ಮೂರು ಸೀಟು

ಹೋದ ವರ್ಷದ ಸಿನಿಮಾಗಳಿಂದ ಹತ್ತು ಜನ ಪೋಷಕ ನಟರನ್ನು ಆರಿಸಿ ಒಂದರಿಂದ ಹತ್ತರವರೆಗೆ ಸ್ಥಾನ ಕೊಡಬೇಕಿತ್ತು. ಕೂತ ಮೇಲೆ ಗೊತ್ತಾಯಿತು, ಪೋಷಕ ನಟರ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. "ಆ ಲುಂಗಿ ಎತ್ತಿ ಕಟ್ಟೋನು", "ಎರಡನೇ ಅಮ್ಮ", "ಗೇಟು ತೆಗೆಯೋನು" ಅಂತಲೇ ಟೈಪ್ ಮಾಡುತ್ತಾ ಹೋದೆ.

ಮೂರನೇ ಸ್ಥಾನಕ್ಕೆ ಗಲಾಟೆ ಹತ್ತಿಕೊಂಡಿತು. ಕಂಡಕ್ಟರು ಒಂದು ಸಿನಿಮಾದ ದಪ್ಪ ಕಾನ್‌ಸ್ಟೇಬಲ್‌ಗೇ ಕೊಡಬೇಕು ಅಂದರು. ಮೇಷ್ಟ್ರು ಇನ್ನೊಂದು ಸಿನಿಮಾದಲ್ಲಿ ಮಗಳ ಮದುವೆಯಲ್ಲಿ ಅಳುವ ತಂದೆಗೇ ಕೊಡಬೇಕು ಅಂದರು.

"ಮೇಷ್ಟ್ರೇ, ನಿಮ್ ಅಳೋ ಅಪ್ಪುಂದು ನಟನೆ ಎಲ್ಲೈತೆ? ಟವಲ್ ಕಚ್ಕೊಂಡು ಕಂಬದಂಗೆ ನಿಂತ್ಕತಾನೆ. ನಮ್ ಕಾನ್‌ಸ್ಟೇಬಲ್ ನೋಡಿ, ಹೊಟ್ಟೆನೂ ಆಕ್ಟ್ ಮಾಡ್ತದೆ!"

"ಹೊಟ್ಟೆ ಕುಣಿಸೋದು ನಟನೆ ಏನ್ರಿ? ನಮ್ಮ ತಂದೆ ಪಾತ್ರದವನ ಕಾಲ ಧೂಳಿಗೂ ಸಮ ಇಲ್ಲ ನಿಮ್ಮವನು."

"ದಿನಾ ಬಸ್ಸಲ್ಲಿ ಸಾವ್ರ ಮುಖ ನೋಡೋನು ನಾನು. ಮುಖ ನೋಡುದ್ರೆ ಟಿಕೆಟ್ ತಗೊಂಡವ್ನ ಇಲ್ವ ಅಂತ ಹೇಳ್ತೀನಿ. ನಂಗೆ ಮುಖದ್ ವಿಚಾರ ಹೇಳ್ಬ್ಯಾಡಿ!"

ಕೊನೆಗೆ ರಾಜಿಯಾಯಿತು. ಕಾನ್‌ಸ್ಟೇಬಲ್ ಮೂರನೆಯವನು, ಅಳುವ ತಂದೆ ಐದನೆಯವನು. ಎಂಟನೇ ಸ್ಥಾನ ಯಾವುದೋ ಕುಡುಕ ಮಾವನಿಗೆ ಹೋಯಿತು. ಇಬ್ಬರೂ ಮುಖ ತಿರುಗಿಸಿಕೊಂಡು ಟೀ ಕುಡಿದರು.

ಪಟ್ಟಿಗೆ ಹೆಸರು ಹಾಕಬೇಕಲ್ಲ ಅಂತ ನಾನು ಮೊಬೈಲಿನಲ್ಲಿ ಹುಡುಕಿದೆ. ಮೂರು, ಐದು, ಎಂಟು, ಮೂವರೂ ಒಬ್ಬನೇ ಮನುಷ್ಯ. ಒಂದರಲ್ಲಿ ಮೀಸೆ ಇತ್ತು, ಒಂದರಲ್ಲಿ ಇರಲಿಲ್ಲ. ಹೊಟ್ಟೆ ದಿಂಬಿನದು. ಫೋಟೋಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕಂಡಕ್ಟರು ಬಹಳ ಹೊತ್ತು ನೋಡಿ, ತಮ್ಮ ಮರ್ಯಾದೆ ಉಳಿಸಿಕೊಳ್ಳುವ ದಾರಿ ಹುಡುಕಿ, ಹೇಳಿದರು:

"ಮೂರ್ ಕಡೆನೂ ಇರ್ಲಿ ಬುಡಿ. ಒಬ್ನೇ ಮೂರ್ ಸೀಟ್ ಹಿಡ್ದವ್ನೆ ಅಂತ ಇಳ್ಸಕ್ಕಾಯ್ತದಾ? ಮೂರ್‌ಕ್ಕೂ ಟಿಕೆಟ್ ತಗೊಂಡವ್ನೆ!"

ಒಂದು ಹಿಡಿ ಸಿನಿಮಾ

ಮೊದಲ ಸ್ಥಾನವನ್ನು ಅಧ್ಯಕ್ಷರಿಗೇ ಬಿಡುವುದು ನಮ್ಮ ಪದ್ಧತಿ. ಅಧ್ಯಕ್ಷರು ಗೂಡಿನ ಮಾರುಕಟ್ಟೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ರೈತ ತಂದು ಸುರಿದ ರಾಶಿಯಲ್ಲಿ ನಡುವೆ ಕೈ ಹಾಕಿ ಒಂದು ಹಿಡಿ ಗೂಡು ತೆಗೆಯುತ್ತಾರೆ, ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಅಷ್ಟರಲ್ಲೇ ಇಡೀ ರಾಶಿಯ ಜಾತಕ ಹೇಳಿಬಿಡುತ್ತಾರೆ. ಅವರ ಮಾತು ತಪ್ಪಾದದ್ದನ್ನು ಮಾರುಕಟ್ಟೆಯಲ್ಲಿ ಯಾರೂ ಕಂಡಿಲ್ಲವಂತೆ.

ಅವರು ಸಿನಿಮಾ ನೋಡುವುದೂ ಹಾಗೇ ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಜೊತೆಯಲ್ಲಿ ಹೋದೆ. ಇಂಟರ್ವಲ್ ಆಗಿ ಸ್ವಲ್ಪ ಹೊತ್ತಿಗೆ ಒಳಗೆ ಹೋದರು. ಕಾಲು ಗಂಟೆ ಕೂತರು. ಎದ್ದರು.

"ಯಾಕೆ ಸಾರ್, ಹುಷಾರಿಲ್ವಾ?"

"ಮುಗೀತಲ್ಲ. ಗೂಡಿನ ರಾಶಿನೆಲ್ಲಾ ಒಂದೊಂದೇ ಬಿಚ್ಚಿ ನೋಡ್ತಾರೇನ್ಲಾ? ಒಂದ್ ಹಿಡಿ ತಗುದ್ರೆ ಸಾಕು."

ವರ್ಷವಿಡೀ ಅಷ್ಟೂ ಸಿನಿಮಾಗಳನ್ನು ಅವರು ನೋಡಿದ್ದು ಹೀಗೆ. ಹಾಗೆ ನೋಡಿ ಮೊದಲ ಸ್ಥಾನ ಕೊಟ್ಟಿದ್ದು ಒಂದು ಸಿನಿಮಾದ ತಾತನಿಗೆ. ಆ ತಾತ ಮೊದಲರ್ಧದಲ್ಲಿ ಕುಣಿದು ಕುಪ್ಪಳಿಸಿ ಎಲ್ಲರನ್ನೂ ನಗಿಸುತ್ತಾನೆ, ಕೊನೆಯಲ್ಲಿ ಕೋರ್ಟಿನಲ್ಲಿ ನಿಂತು ಎಲ್ಲರನ್ನೂ ಅಳಿಸುತ್ತಾನೆ. ನಡುವೆ ಕಾಲು ಗಂಟೆ ಮಾತ್ರ ಕೋಮಾದಲ್ಲಿರುತ್ತಾನೆ. ಅಧ್ಯಕ್ಷರ ಕೈಗೆ ಸಿಕ್ಕಿದ್ದು ಆ ಕಾಲು ಗಂಟೆ.

"ಎಂಥಾ ನಟನೆ ಅಂತೀಯ! ಸುತ್ತ ಎಲ್ರೂ ಬಾಯ್ ಬಡ್ಕೊಂಡು ಅಳ್ತಾವ್ರೆ, ಆವಯ್ಯ ಒಸಿನಾದ್ರೂ ಕಣ್ ಮಿಟುಕಿಸ್ಬೇಕಲ್ಲ? ಊಹೂಂ!"

ನಾವು ಮೂವರೂ ಪೂರ್ತಿ ಸಿನಿಮಾ ನೋಡಿ ಆ ತಾತನನ್ನೇ ಮೊದಲೆಂದು ಬರೆದುಕೊಂಡಿದ್ದೆವು. ತೀರ್ಪು ಒಂದೇ ಆದ್ದರಿಂದ ಕಾರಣ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹಿಂದುಗಡೆ, ಎಡಕ್ಕೆ

ಹತ್ತನೇ ಸ್ಥಾನ ಇನ್ನೂ ಖಾಲಿ ಇತ್ತು. ಆಗ ಬೈರಾಪಟ್ಟಣದ ಯಜಮಾನರೊಬ್ಬರು ನನ್ನ ಅಂಗಡಿಗೆ ಬಂದರು. ಊರ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ವೇದಿಕೆಯ ಹಲಗೆ ಮುರಿದವರು ಅವರು. ಈಗ ಧ್ವನಿ ತಗ್ಗಿಸಿ, ಅಕ್ಕಪಕ್ಕ ನೋಡಿ, ಮಾತಾಡಿದರು.

"ನಾನು ಸಿನ್ಮಾದಲ್ಲಿ ಮಾಡಿವ್ನಿ ಕಣಪ್ಪ. ರಾಮನಗರದ ಬೆಟ್ಟದ್ ತಾವ ಶೂಟಿಂಗು. ರಾಗಿ ಕೊಯ್ಲು ಬುಟ್ಟು ಹತ್ ದಿನ ಹೋಗಿದ್ದೆ."

"ಒಳ್ಳೇದಾಯ್ತಲ್ಲ ಯಜಮಾನ್ರೇ."

"ಎಲ್ಲಿ ಒಳ್ಳೇದು? ಮನೆಯವಳು ನಂಬಲ್ಲ."

ಅವರ ಹೆಂಡತಿ ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಸಿನಿಮಾ ಬಿಡುಗಡೆಯಾದಾಗ ಗಂಡನನ್ನು ಪರದೆ ಮೇಲೆ ತೋರಿಸುತ್ತೇನೆಂದು ತವರೂರು ಗುಡೇಮಾರನಹಳ್ಳಿಯಿಂದ ಒಂದು ಟೆಂಪೋ ತುಂಬ ನೆಂಟರನ್ನು ಕರೆಸಿಕೊಂಡಿದ್ದರಂತೆ. ಎಲ್ಲರೂ ಕಣ್ಣು ಕೀಲಿಸಿ ನೋಡಿದ್ದಾರೆ. ಸಿನಿಮಾ ಮುಗಿದು ದೀಪ ಹತ್ತಿದಾಗ ಹೆಂಡತಿಯ ತಮ್ಮ ಕೇಳಿದನಂತೆ, "ಅಕ್ಕಾ, ಭಾವ ಎಲ್ಲಿ?"

"ಆವತ್ತಿಂದ ಮುದ್ದೆ ಇಕ್ತಾಳೆ, ಮಾತಾಡಲ್ಲ," ಅಂದರು ಯಜಮಾನರು. "'ಆ ಹತ್ ದಿನ ಎಲ್ಲೋಗಿದ್ದೆ, ನಿಜ ಬೊಗಳು' ಅಂತ ಒಂದೇ ಒಂದ್ ಸಲ ಕೇಳುದ್ಲು. ನಿಮ್ ಪಟ್ಟಿಲಿ ಹೆಸ್ರು ಹಾಕಪ್ಪ. ಹತ್ತನೇದಾದ್ರೂ ಸಾಕು."

"ನೀವು ಯಾವ ಸೀನಲ್ಲಿ ಇದೀರಿ?"

"ಗೌಡ್ರು ಸತ್ತೋಯ್ತಾರಲ್ಲ, ಆ ಹೆಣ ಹೊತ್ತಿರೋನು. ಹಿಂದುಗಡೆ, ಎಡಕ್ಕೆ."

ಅಂಗಡಿ ಕಂಪ್ಯೂಟರಿನಲ್ಲಿ ಆ ದೃಶ್ಯ ಹುಡುಕಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚಟ್ಟ ಹೊತ್ತ ನಾಲ್ವರಲ್ಲಿ ಹಿಂದುಗಡೆ ಎಡಕ್ಕೆ ಒಂದು ದೊಡ್ಡ ಚೆಂಡುಹೂವಿನ ಹಾರ ಇತ್ತು. ಹಾರದ ಕೆಳಗೆ ಒಂದು ಪಂಚೆ ನಡೆಯುತ್ತಿತ್ತು.

"ಇಷ್ಟಕ್ಕೆ ಹತ್ತು ದಿನ ಬೇಕಾಯ್ತಾ?"

"ಹೀರೋಗೆ ಅಳು ಬರ್ಲಿಲ್ಲ. ಇಳ್ಸಿ ಅಂದ್ರು, ಎತ್ತಿ ಅಂದ್ರು. ಹೆಣದ್ ಪಾತ್ರದೋನು ದಿನಾ ಬಾಡೂಟ ಉಂಡ್ಕೊಂಡು ಬಂದು ಮಲಗ್ತಿದ್ದ. ಕಡೇ ದಿನ ಮೊದಲ್ನೇ ದಿನಕ್ಕಿಂತ ಭಾರ ಇದ್ದ ಕಣಪ್ಪ!"

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈಬಿಟ್ಟರೆ ಒಂದು ಮನೆಯಲ್ಲಿ ಮಾತು ನಿಂತೇ ಹೋಗುತ್ತದೆ. ಸೇರಿಸಿದರೆ ಹೂವಿನ ಹಾರಕ್ಕೆ ಸ್ಥಾನ ಕೊಟ್ಟ ಸಂಘವೆಂದು ಹೆಸರಾಗುತ್ತದೆ. ಹೆದರಿಕೊಂಡೇ ಸಭೆಯಲ್ಲಿ ವಿಷಯ ಎತ್ತಿದೆ. ನಾನು ಬಾಯಿ ಮುಚ್ಚುವ ಮೊದಲೇ ಅಧ್ಯಕ್ಷರು ತೊಡೆ ತಟ್ಟಿದರು. ಆ ಸಿನಿಮಾದಲ್ಲಿ ಅವರ ಹಿಡಿಗೆ ಸಿಕ್ಕಿದ್ದು ಅದೇ ದೃಶ್ಯ.

"ನೋಡಿವ್ನಿ, ನೋಡಿವ್ನಿ! ಮಿಕ್ಕ ಮೂರ್ ಜನ ಖಾಲಿ ಮಂಚ ಹೊತ್ತಂಗೆ ಹೋಯ್ತಾವ್ರೆ. ಆ ಹಿಂದ್ಲವನೊಬ್ನೇ ಹೆಣ ಹೊತ್ತಂಗೆ ಕಾಲಿಡ್ತಾನೆ. ಹತ್ತನೇದು ಅವುಂಗೇ."

ಮೇಷ್ಟ್ರು ದೃಶ್ಯವನ್ನು ಮತ್ತೆ ಹಾಕಿಸಿ ನೋಡಿದರು. "ಮುಖ ಕಾಣಲ್ಲವಲ್ಲ," ಅಂದರು.

"ಮುಖದ್ ವಿಚಾರ ನಾವ್ಯಾರೂ ಮಾತಾಡ್ದೆ ಇರೋದೇ ಒಳ್ಳೇದು ಮೇಷ್ಟ್ರೇ," ಅಂದರು ಕಂಡಕ್ಟರು.

ದೊಡ್ಡದು ಕೆಳಗೆ

ಪ್ರಶಸ್ತಿಗೆ ಚನ್ನಪಟ್ಟಣದ ಗೊಂಬೆಯೇ ಆಗಬೇಕೆಂದು ನಾನು ಹಟ ಹಿಡಿದೆ. ಮಕ್ಕಳು ಒಂದರ ಮೇಲೊಂದು ಪೋಣಿಸುವ ಮರದ ಬಳೆಗಳ ಗೋಪುರ ಇರುತ್ತದಲ್ಲ, ಅಂಥದ್ದು. ಹತ್ತು ಬಳೆ, ಒಂದೊಂದರ ಮೇಲೆ ಒಬ್ಬ ನಟನ ಹೆಸರು. ನಮ್ಮ ಬೀದಿಯ ಹಿಂದೆಯೇ ಇರುವ ಹಳೆಯ ಗೊಂಬೆ ಕೆಲಸಗಾರರೊಬ್ಬರಿಗೆ ಪಟ್ಟಿ ಕೊಟ್ಟು ಬಂದೆ. ಅರಗಿನ ಬಣ್ಣ ಹಾಕಿ, ತಾಳೆಗರಿಯಲ್ಲಿ ಉಜ್ಜಿ, ಕನ್ನಡಿಯ ಹಾಗೆ ಹೊಳೆಸಿ, ಸಮಾರಂಭದ ದಿನ ಬೆಳಿಗ್ಗೆ ತಾವೇ ತಂದುಕೊಟ್ಟರು. ಬಟ್ಟೆ ಸುತ್ತಿದ್ದರಿಂದ ನಾನು ಬಿಚ್ಚಿ ನೋಡಲಿಲ್ಲ.

ಸಮಾರಂಭ ನಡೆದದ್ದು ಅಧ್ಯಕ್ಷರ ನೂಲಿನ ಘಟಕದ ಅಂಗಳದಲ್ಲಿ. ಗೆದ್ದವರಿಗೆಲ್ಲ ಸಂದೇಶ ಕಳಿಸಿದ್ದೆ. ಒಬ್ಬರೂ ಬರಲಿಲ್ಲ, ಬೈರಾಪಟ್ಟಣದ ಯಜಮಾನರನ್ನು ಬಿಟ್ಟು. ಅವರು ಗರಿಗರಿ ಪಂಚೆ ಉಟ್ಟು ಮೊದಲ ಸಾಲಿನಲ್ಲಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಸಾಕ್ಷಿ ಹೇಳಲು ಕರೆಸಿದವರ ಹಾಗೆ ಬಿಗಿದುಕೊಂಡು ಕೂತಿದ್ದರು. ಹಿಂದೆ ಗುಡೇಮಾರನಹಳ್ಳಿಯ ಟೆಂಪೋ ಪೂರ್ತಿ.

ಮುಖ್ಯ ಅತಿಥಿಗಳು ಒಬ್ಬ ನಿವೃತ್ತ ಪಶುವೈದ್ಯರು. ಸಿನಿಮಾ ನೋಡದವರಾದರೆ ಪಕ್ಷಪಾತ ಇರುವುದಿಲ್ಲ ಎಂದು ಅವರನ್ನು ಕರೆದಿದ್ದೆವು. ಅವರು ಬಟ್ಟೆ ಸರಿಸಿ, ಕನ್ನಡಕ ಏರಿಸಿ, ಗೋಪುರದ ತುದಿಯ ಪುಟ್ಟ ಬಳೆಯನ್ನು ನೋಡಿ ಮೈಕಿನಲ್ಲಿ ಕೂಗಿದರು:

"ಪ್ರಥಮ ಸ್ಥಾನ! ನಮ್ಮ ಬೈರಾಪಟ್ಟಣದ..."

ಹೆಸರು ಪೂರ್ತಿ ಕೇಳಿಸಲೇ ಇಲ್ಲ. ಟೆಂಪೋದವರು ಅಷ್ಟು ಜೋರಾಗಿ ಸಿಳ್ಳೆ ಹೊಡೆದರು.

ನಾನು ವೇದಿಕೆಗೆ ಓಡಿ, ಮೈಕಿಗೆ ಕೈ ಅಡ್ಡ ಇಟ್ಟು, "ಸಾರ್, ಅದು ಹತ್ತನೇದು," ಅಂದೆ.

"ಮೇಲಿರೋದು ಹತ್ತನೇದು ಹೇಗ್ರೀ ಆಗುತ್ತೆ?"

ನನಗೂ ಅದೇ ಅನುಮಾನ. ಸಭೆಯಲ್ಲೇ ಕೂತಿದ್ದ ಗೊಂಬೆ ಕೆಲಸಗಾರರನ್ನು ಕರೆದು ಮೆಲ್ಲಗೆ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಒಂದ್ನೇ ಬಳೆ ಅಂದ್ರೆ ಮೊದ್ಲು ಕಡ್ಡಿಗೆ ಹಾಕೋದಲ್ವಾ ಸ್ವಾಮಿ? ಅದು ಎಲ್ಲಾದಕ್ಕಿಂತ ದೊಡ್ಡದು, ತಳದಲ್ಲಿರ್ತದೆ. ಹತ್ತನೇದು ತುದಿಗೆ. ಬುದ್ಧಿ ಬಂದಾಗಿಂದ ಹಂಗೇ ಮಾಡ್ತಿವ್ನಿ. ಚಿಕ್ಕದ್ನ ತಳಕ್ಕಾಕುದ್ರೆ ಗೋಪುರ ನಿಂತ್ಕತದಾ?"

ತಪ್ಪು ಅವರದೂ ಅಲ್ಲ, ಡಾಕ್ಟರದೂ ಅಲ್ಲ. ಸರಿಪಡಿಸೋಣ ಎಂದು ಮೈಕ್ ಹಿಡಿದು ತಿರುಗಿದೆ. ಯಜಮಾನರು ಆಗಲೇ ವೇದಿಕೆ ಹತ್ತಿ ಕೈ ಮುಗಿದು ನಿಂತಿದ್ದರು. ಗದೆ ಹಿಡಿದು ಅಬ್ಬರಿಸುತ್ತಿದ್ದ ಮನುಷ್ಯ ಸದ್ದಿಲ್ಲದೆ ಅಳುತ್ತಿದ್ದರು. ನನ್ನ ಕಣ್ಣೂ ತುಂಬಿ ಬಂತು. "ಹಾಗೇ ಓದಿ ಸಾರ್," ಅಂದುಬಿಟ್ಟೆ.

ಡಾಕ್ಟರು ತುದಿಯಿಂದ ತಳದವರೆಗೆ ಓದಿದರು. ಬೇರೆ ಯಾರೂ ಬಂದಿಲ್ಲವೆಂದು ಹತ್ತು ಬಳೆಯ ಗೋಪುರವನ್ನು ಪೂರ್ತಿಯಾಗಿ ಯಜಮಾನರ ಕೈಗೇ ಕೊಟ್ಟರು. ಕೋಮಾದ ತಾತ ಕೊನೆಯವನಾದದ್ದು ಕಂಡು ಕಂಡಕ್ಟರಿಗೆ ತಡೆಯಲಾಗಲಿಲ್ಲ. "ಅನ್ಯಾಯ ಅಲ್ವಾ ಮೇಷ್ಟ್ರೇ? ಆವಯ್ಯಂಗೆ ಗೊತ್ತಾದ್ರೆ ಏನಂದ್ಕತಾನೆ?"

ಮೇಷ್ಟ್ರು ಅಧ್ಯಕ್ಷರ ಕಡೆ ನೋಡಿ ಹೇಳಿದರು: "ನಮ್ಮ ಅಧ್ಯಕ್ಷರ ಪ್ರಕಾರ ಅವನು ಇನ್ನೂ ಕೋಮಾದಲ್ಲಿದ್ದಾನೆ. ಏನೂ ಅಂದುಕೊಳ್ಳಲ್ಲ."

ಹೆಗಲ ಮೇಲೆ

ವಾರ ಕಳೆದು ಯಜಮಾನರ ಹೆಂಡತಿ ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ಒಬ್ಬರೇ ಬಂದರು. ಕಾಗದ ತೆಗೆದುಕೊಂಡವರು ಹೋಗಲಿಲ್ಲ.

"ಅಲ್ಲ ಕಣಪ್ಪ, ಅದು ಹತ್ತನೇದಲ್ವಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದಮ್ಮ. ನಿಮಗೆ ಹೇಗೆ ಗೊತ್ತಾಯ್ತು?"

"ಆರು ವರ್ಸ ಅಂಥ ಬಳೆ ಪೋಣಿಸಿವ್ನಿ ನಾನು. ಒಂದ್ನೇದು ತಳಕ್ಕೆ, ಹತ್ತನೇದು ತುದಿಗೆ. ಗೋಪುರ ಕೈಗೆ ಬಂದೇಟ್ಗೇ ಗೊತ್ತಾಯ್ತು."

"ತಪ್ಪಾಯ್ತಮ್ಮ. ಪಾಪ, ಯಜಮಾನ್ರನ್ನ ಈಗ್ಲಾದ್ರೂ ನಂಬ್ತೀರಾ?"

"ಫಸ್ಟು ಅಂತ ಕೂಗ್ದಾಗ ನಂಬ್ನಿಲ್ಲ. ಇವ್ರೆಲ್ಲ ಸೇರ್ಕೊಂಡು ನಾಟ್ಕ ಆಡ್ತಾವ್ರೆ ಅಂದ್ಕಂಡೆ. ಹತ್ತನೇದು ಅಂತ ಗೊತ್ತಾಯ್ತು ನೋಡು, ಆಗ ನಂಬ್ದೆ. ಸುಳ್ಳು ಹೇಳೋರು ಯಾರಾದ್ರೂ ಹತ್ತನೇದು ಅಂತ ಹೇಳ್ತಾರಾ?"

ಅವರು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ. ಹಗುರಾಗಿಹೋದೆ.

"ಹಾಗಾದ್ರೆ ಯಜಮಾನ್ರಿಗೂ ನಿಜ ಹೇಳಿಬಿಡಲಾ?"

"ಅಯ್ಯೋ, ಬಾಯ್ ಬುಟ್ಟೀಯ!" ಅಂದರು. "ಫಸ್ಟ್ ಬಂದೋರು ಹೆಂಗೆ ಹೊತ್ರು ಅಂತ ಊರೋರ್ಗೆ ತೋರ್ಸಕ್ಕೆ ದಿನಾ ಬೆಳಗ್ಗೆ ನಲ್ಲಿಯಿಂದ ಎಲ್ಲಾ ಬಿಂದಿಗೆನೂ ಹೆಗಲ್ ಮೇಲೆ ಅವ್ರೇ ಹೊತ್ಕೊಂಡ್ ಬತ್ತಾವ್ರೆ. ಹತ್ತನೇದು ಅಂದ್ರೆ ನಾಳೆಯಿಂದ ನಾನೇ ಹೊರ್ಬೇಕಾಯ್ತದೆ!"