ತಲೆ ಕತ್ತರಿಸಿದ ಚೀಟಿಗಳು

ನನ್ನ ಮೊಮ್ಮಗಳು ಗಿರಿಜಾ ಪಾಸಾದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಧ್ಯಾಹ್ನ ಇಂಡಿ ಊರಿನ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಸಿಕ್ಕವರಿಗೆಲ್ಲ ಹೇಳಿ ಬಂದರೂ ಹೊಟ್ಟೆಯಲ್ಲಿ ಇನ್ನೂ ಉಳಿದಿದೆ. ಡಾಕ್ಟರಿಕೆ ಓದುವ ಹುಡುಗಿ ಹೋದ ಸಲ ಒಂದು ವಿಷಯದಲ್ಲಿ ನಪಾಸಾಗಿದ್ದಳು. ಈ ಸಲವೂ ಹಾಗೇ ಆದರೆ ಪುಸ್ತಕ ಕಟ್ಟಿಡು ಎಂದು ನನ್ನ ಮಗ ಖಡಾಖಂಡಿತವಾಗಿ ಹೇಳಿದ್ದ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಅವಳ ಪರವಾಗಿ ಏನು ವಾದ ಮಾಡಲಿ? ಪಾಸಾದಳು, ಬದುಕಿದೆ. ಆದರೆ ಈ ಸಂತೋಷದಲ್ಲಿ ನನ್ನ ಹೆಂಡತಿಯ ತಮ್ಮ, ತಾಳಿಕೋಟೆಯ ಚನ್ನಪ್ಪನಿಗೂ ಪಾಲು ಕೊಡಬೇಕಾಗಿ ಬಂತಲ್ಲ, ಅದೇ ನನ್ನ ಸಂಕಟ.

ನನ್ನದೊಂದು ಹಿಟ್ಟಿನ ಗಿರಣಿ ಇದೆ. ಕರೆಂಟು ಇರುವುದು ದಿನಕ್ಕೆ ಮೂರೋ ನಾಲ್ಕೋ ತಾಸು. ಹೀಗಾಗಿ ಯಾರ ಜೋಳ ಮೊದಲು ಬೀಸಬೇಕೆಂದು ನಾನೇ ಚೀಟಿ ಬರೆದು ಕಳಿಸುತ್ತೇನೆ. ತಲೆಗೊಂದು ಶ್ರೀ, ಕೆಳಗೆ ಹೆಸರು. ನನ್ನ ಶ್ರೀಯ ಬಾಲ ಎಮ್ಮೆಯ ಕೋಡಿನ ಹಾಗೆ ಹೊರಳುತ್ತದೆ. ಹಾಗೆ ಬರೆಯಲು ಬೇರೆಯವರಿಗೆ ಬರುವುದಿಲ್ಲ. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ. ಗಿರಣಿ ನಡೆಸುವ ರಾಚಪ್ಪ ಆ ಶ್ರೀ ಕಂಡರೆ ಬೀಸುತ್ತಾನೆ, ಕಾಣದಿದ್ದರೆ ಚೀಟಿಯನ್ನು ಮೂಲೆಗೆ ಎಸೆಯುತ್ತಾನೆ. ಪರೀಕ್ಷೆಗೆ ಹದಿನೈದು ದಿನ ಮೊದಲು ಊರಿಗೆಲ್ಲ ಫ್ಲೂ ಜ್ವರ ಬಂದು ನಾನೂ ಹಾಸಿಗೆ ಹಿಡಿದೆ. ನನ್ನನ್ನು ನೋಡಲು ಬಂದ ಚನ್ನಪ್ಪ ಜೊತೆಗೆ ಎರಡು ಚೀಲ ಜೋಳವನ್ನೂ ತಂದ. ಬಸುರಿ ಮಗಳ ಕುಬಸಕ್ಕೆ ರೊಟ್ಟಿ ಬುತ್ತಿ ಒಯ್ಯಬೇಕಂತೆ. ಸರದಿ ಬಂದಾಗ ಬೀಸೋಣ ಎಂದೆ. "ಆತು. ಚೀಟಿ ನಾನ ಮುಟ್ಟಸ್ತೇನಿ, ನೀವು ಮಲಕೊಳ್ರಿ ಮಾವಾರ" ಎಂದ. ಎಂಥ ಗುಣವಂತ ಎಂದುಕೊಂಡು, ನಮ್ಮ ಮನೆಯ ಚೀಟಿಗಳನ್ನು ಬರೆದು ಅವನ ಕೈಗಿಟ್ಟು ಮಗ್ಗುಲಾಗಿ ಮಲಗಿದೆ.

ನಾಲ್ಕು ದಿನವಾದರೂ ನಮ್ಮ ಮನೆಗೆ ಹಿಟ್ಟು ಬರಲಿಲ್ಲ. ಮೂಗು ಸೋರುತ್ತ ನುಚ್ಚು ಉಂಡೆ. ಅತ್ತ ನಮ್ಮದೇ ಒಲೆಯ ಮೇಲೆ, ನಮ್ಮದೇ ಕಟ್ಟಿಗೆ ಉರಿಸಿ, ನನ್ನ ಹೆಂಡತಿ ನೀಲವ್ವ ಚನ್ನಪ್ಪನ ಹಿಟ್ಟಿನ ರೊಟ್ಟಿಗಳನ್ನು ಬಡಿಯುತ್ತಲೇ ಇದ್ದಳು. ಒಂದು ರೊಟ್ಟಿ ಕೇಳಿದರೆ, "ಬುತ್ತಿ ರೊಟ್ಟಿ ಮುಟ್ಟಬ್ಯಾಡ್ರಿ. ಗಿರಣಿ ಮಾಲಕರ ಮನ್ಯಾಗ ಹಿಟ್ಟಿಲ್ಲಂದ್ರ ಮಂದಿ ನಗ್ತಾರ, ಸುಮ್ಮನ ಬಿದ್ಕೊಳ್ರಿ" ಎಂದಳು.

ಓದಲೆಂದು ಮನೆಗೆ ಬಂದಿದ್ದ ಗಿರಿಜಾ ಗಿರಣಿಗೆ ಹೋಗಿ ಎರಡೂ ಮುಷ್ಟಿ ತುಂಬ ಚೀಟಿ ತಂದಳು. ಒಂದರಲ್ಲಿ ತಲೆ ಇಲ್ಲದ ನಮ್ಮ ಮನೆಯ ಚೀಟಿಗಳು. ಇನ್ನೊಂದರಲ್ಲಿ ಚನ್ನಪ್ಪನ ಹೆಸರಿನವು. ಪ್ರತಿಯೊಂದರ ತಲೆಗೂ ಹಿಟ್ಟಿನ ಅಂಟಿನಿಂದ ಹಚ್ಚಿದ ನನ್ನ ಶ್ರೀ. ನಾನು ಸಿಟ್ಟಿನಿಂದ ಹಾಸಿಗೆಯಲ್ಲೇ ಎದ್ದು ಕೂತರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಅಜ್ಜಾ, ನಿನ್ನ ಜ್ವರದ ವೈರಸ್ಸೂ ಇದನ್ನ ಮಾಡಾಕತ್ತೈತಿ. ಅದಕ್ಕ ಸ್ವಂತ ಗಿರಣಿ ಇಲ್ಲ. ತನ್ನ ಎಂಟು ತುಂಡು ಚೀಟಿ, ಒಂದು ಕತ್ತರಿ ಹಿಡಕೊಂಡು ನಮ್ಮ ಜೀವಕೋಶದಾಗ ಹೊಕ್ಕತೈತಿ. ಕೋಶದ ಚೀಟಿಗೂ ತಲೀ ಮ್ಯಾಲೆ ಒಂದು ಗುರುತು ಇರತೈತಿ. ಅದನ್ನ ಕತ್ತರಿಸಿ ತನ್ನ ಚೀಟಿಗೆ ಹಚ್ಚತೈತಿ. ಯಜಮಾನರ ಅಪ್ಪಣೆ ಅಂತ ಕೋಶ ಅದರ ಸಾಮಾನೆಲ್ಲಾ ಮಾಡಿಕೊಡತೈತಿ."

"ಮತ್ತ ಕೋಶದ ಮನೀಗೆ ಹಿಟ್ಟು?"

"ನುಚ್ಚ ಗತಿ."

"ಆಮ್ಯಾಲರ ಹೊಂಟು ಹೋಗತೈತೋ ಇಲ್ಲೋ?"

"ಹೋಗತೈತಿ. ಸಾವಿರಾರು ಆಗಿ ಮಗ್ಗಲ ಮನೀಗೆ ಹೋಗತೈತಿ."

ನಾನು ಪಡಸಾಲೆಯಲ್ಲಿ ಕೂತಿದ್ದ ಚನ್ನಪ್ಪನ ಕಡೆ ನೋಡಿದೆ. ಒಬ್ಬನೇ ಇದ್ದ. ದೇವರು ದೊಡ್ಡವನು.

ಬಾಯಿಪರೀಕ್ಷೆಯಲ್ಲಿ ವೈರಸ್ಸಿನ ಆ ಕತ್ತರಿಯ ವಿಷಯವನ್ನೇ ಕೇಳಿದರಂತೆ. ಹೋದ ಸಲ ಇಂಥ ಪ್ರಶ್ನೆಗೇ ಬಾಯಿ ಕಟ್ಟಿದ್ದ ಹುಡುಗಿ, ಈ ಸಲ ರಾಚಪ್ಪನ ಗಿರಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತಡವರಿಸದೆ ಹೇಳಿದಳಂತೆ.

ಇವತ್ತು ಸಂಜೆ ಹೋಳಿಗೆ. ಸುದ್ದಿ ಕೇಳಿ ಚನ್ನಪ್ಪನೂ ಬಸ್ಸು ಹತ್ತಿ ಬಂದ. ಎಲ್ಲರೂ ಸಾಲಾಗಿ ಕೂತಾಗ, "ನಾ ಆ ಶ್ರೀ ಕತ್ತರಸದಿದ್ರ ಹುಡಗಿ ಪಾಸಾಗ್ತಿದ್ದಿಲ್ಲರಿ ಮಾವಾರ" ಎಂದ. ನನ್ನ ಮಗ ಹೌದೆಂದು ತಲೆಯಾಡಿಸಿದ. "ಮಂದಿ ಕೆಲಸಕ್ಕ ತನ್ನ ಹೆಸರು ಹಚ್ಚೂದು ಈ ಚನ್ನಪ್ಪಗ ರೂಢಿ ಆಗೇತಿ" ಎಂದೆ.

ಗಿರಿಜಾ ಮೆಲ್ಲಗೆ ಕೇಳಿದಳು: "ಅಜ್ಜಾ, ‘ವೈರಸ್ಸಿನ ಪಾಠ ಮೊಮ್ಮಗಳಿಗೆ ನಾನ ಹೇಳಿಕೊಟ್ಟೆ’ ಅಂತ ಬಸ್ ಸ್ಟ್ಯಾಂಡಿನ್ಯಾಗ ಯಾರೋ ಹೇಳಾಕತ್ತಿದ್ರಂತ. ಯಾರದು?"

ನಾನು ಹೋಳಿಗೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದು, ಮೊದಲನೆಯದನ್ನು ಚನ್ನಪ್ಪನ ತಾಟಿಗೆ ಹಾಕಿದೆ. ನೀಲವ್ವ ತುಪ್ಪ ಹಾಕಿದಳು. ಎಲ್ಲರೂ ಉಣ್ಣತೊಡಗಿದೆವು.